ಬೋರ್ ನೀರು ಕುಡಿಯುವ ಸಿದ್ದಾಪುರಕ್ಕೆ ಒಂದು ಬಾಟಲಿ ಬೇಕಾಗಿದೆ!

ಲಾಲ್‌ಬಾಗಿನ ಸಿದ್ದಾಪುರ ಗೇಟು ದಾಟಿದರೆ ಹೂವಿನ ಘಮಲು ಅಲ್ಲಿಗೇ ಮುಗಿಯಿತು. ಮುಂದೆ ಇಕ್ಕಟ್ಟಾದ ಗಲ್ಲಿಗಳು. ಆ ಅಗಲದಲ್ಲೇ ಕಾವೇರಿ ಪೈಪೂ ಹೋಗಬೇಕು, ಒಳಚರಂಡಿ ಪೈಪೂ ಹೋಗಬೇಕು. ಮನೆ ಸಂಪು, ಬೋರ್‌ವೆಲ್ಲು ಎಲ್ಲವೂ ಅದರ ಮಗ್ಗುಲಲ್ಲೇ. ನಲ್ಲಿಯಲ್ಲಿ ಕಾವೇರಿ ಬರದ ದಿನ ಬೋರೇ ಗತಿ, ಇಲ್ಲವೇ ಟ್ಯಾಂಕರ್.

ಬೋರ್ ನೀರು ಕನ್ನಡಿ ಥರ ಇದೆ ಸ್ವಾಮಿ, ಏನಾಗುತ್ತೆ ಅನ್ನುವುದು ಜನರ ವಾದ. ಮೋಸ ಇರುವುದೇ ಅಲ್ಲಿ. ಮಲದ ಕ್ರಿಮಿ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಬೆಂಗಳೂರಿನ ನೆಲದಡಿ ಗಟ್ಟಿ ಬಂಡೆ. ಬೋರಿಗೆ ನೀರು ಬರುವುದು ಬಂಡೆಯ ಬಿರುಕಿನಿಂದ. ಒಡೆದ ಚರಂಡಿಯ ನೀರು ಆ ಬಿರುಕು ಹಿಡಿಯಿತೋ, ಸೋಸುವುದಕ್ಕೆ ಮಣ್ಣೂ ಇಲ್ಲ, ಮರಳೂ ಇಲ್ಲ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಿತ್ತುಹೋಗಿದ್ದರಂತೂ ಮೇಲಿನ ಕೊಚ್ಚೆ ನೇರವಾಗಿ ಒಳಕ್ಕೆ.

ರಿಪೋರ್ಟು ಬರುವ ಹೊತ್ತಿಗೆ

ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ. ಕೋಲಿ ಎಂಬ ಕ್ರಿಮಿ ಒಂದೂ ಇರಕೂಡದು. ಆದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ಎಣಿಸುವುದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಬಿಂದಿಗೆ ಖಾಲಿಯಾಗಿರುತ್ತದೆ.

ತಡವಾದರೆ ಏನಾಗುತ್ತದೆಂದು ನಾಡು ಕಂಡಿದೆ. 2021ರಲ್ಲಿ ಹೂವಿನಹಡಗಲಿ ತಾಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಸತ್ತರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಹಲವರು ಜೀವ ಬಿಟ್ಟರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಯಾರೋ ನೀರಿಗೆ ವಿಷ ಬೆರೆಸಿದರೆಂದು ಗುಲ್ಲೆದ್ದಿತು. ಕೊನೆಗೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಕಾಲರಾ ಕ್ರಿಮಿ. ಬೇಗ ಗೊತ್ತಾಗುವ ಪರೀಕ್ಷೆ ಇದ್ದರೆ ಜೀವವೂ ಉಳಿಯುತ್ತದೆ, ಊರಿನ ನೆಮ್ಮದಿಯೂ ಉಳಿಯುತ್ತದೆ.

ಕಪ್ಪಾದರೆ ಹುಷಾರ್

ಇದಕ್ಕೆ ಮದ್ದು ಕಂಡುಹಿಡಿದವರು ನಮ್ಮವರೇ. ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು 1982ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಸರಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಸಣ್ಣ ಬಾಟಲಿಯೊಳಗೆ ಔಷಧಿ ಹೀರಿದ ಕಾಗದದ ಪಟ್ಟಿ. ಗೀಟಿನವರೆಗೆ ನೀರು ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಇಟ್ಟರಾಯಿತು. ಕರುಳಿನಿಂದ ಬಂದ ಕ್ರಿಮಿಗಳಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿ, ಪಟ್ಟಿಯಲ್ಲಿರುವ ಕಬ್ಬಿಣದ ಜತೆ ಸೇರಿ ನೀರು ಕಪ್ಪಾಗುತ್ತದೆ. ಕರೆಂಟು ಬೇಡ, ಡಿಗ್ರಿ ಓದಿದವರೂ ಬೇಡ. ಚಳಿಗಾಲದಲ್ಲಿ ಫಲಿತಾಂಶ ಇನ್ನಷ್ಟು ತಡ.

ಹಾಗಂತ ಇದೇ ಕೊನೆ ಮಾತಲ್ಲ. ಕೊಳೆತ ಮೊಟ್ಟೆಯ ವಾಸನೆ ಮೊದಲೇ ಇರುವ ಬೋರ್ ನೀರು ಸುಮ್ಮನೆ ಕಪ್ಪಾಗಬಹುದು. ಕಪ್ಪಾಗದಿದ್ದರೂ ಪೂರ್ತಿ ನಂಬುವಂತಿಲ್ಲ. ಕಪ್ಪಾದರೆ ಕುಡಿಯುವುದು ನಿಲ್ಲಿಸಿ, ಲ್ಯಾಬಿಗೆ ಕಳಿಸಿ. ಬಳಸಿದ ಬಾಟಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಚೆಲ್ಲಿ, ಮಕ್ಕಳ ಕೈಗೆ ಸಿಗಬಾರದು.

ಕಾವೇರಿ ನೀರಿಗೆ ಇನ್ನೂ ಸುಲಭದ ದಾರಿ ಇದೆ. ನಲ್ಲಿ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಣ್ಣ ನೋಡಿ ನಿಮಿಷದಲ್ಲಿ ಹೇಳುವ ಕಿಟ್ ಬಂದು ಎಷ್ಟೋ ಕಾಲವಾಯಿತು. ಕ್ಲೋರಿನ್ ಮಾಯವಾಗಿದ್ದರೆ ಚರಂಡಿ ಸೇರಿರುವ ಅನುಮಾನ ಪಡಬೇಕಾದ್ದೇ. ನೀರಿಗೆ ಅತಿನೇರಳೆ ಬೆಳಕು ಹಾಯಿಸಿ, ಅದು ಹೊಳೆಯುವುದನ್ನು ಅಳೆದು, ಕೊಳಕಿನ ಸುಳಿವನ್ನು ಸೆಕೆಂಡುಗಳಲ್ಲೇ ಕೊಡುವ ಯಂತ್ರವೂ ಬಂದಿದೆ. ಆಫ್ರಿಕದ ಜಾಂಬಿಯಾ, ನಮ್ಮ ಬಿಹಾರದ ಅಂತರ್ಜಲದಲ್ಲಿ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದ್ದಾರೆ.

ಹಳ್ಳಿಗುಂಟು, ಗಲ್ಲಿಗೆ ಯಾಕಿಲ್ಲ?

ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ಸಿದ್ದಾಪುರದ ಗಲ್ಲಿಗೂ ಐದು ಜನ ಬೇಡವೇ? ಇಲ್ಲಿನ ತಾಯಂದಿರಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಜಲಮಂಡಳಿ, ಪಾಲಿಕೆಗಳು ಬಾಟಲಿ ಕೊಡಲಿ. ಯಾವ ಬೋರು ಕಪ್ಪು ಎಂಬುದನ್ನು ಫೈಲಿನಲ್ಲಿ ಬಚ್ಚಿಡದೆ ಆ ಬೋರಿನ ಮೇಲೇ ಬರೆದು ಹಾಕಲಿ. ಅಲ್ಲಿಯವರೆಗೆ ನೀರು ಕೊತಕೊತ ಕುದಿಸಿ ಕುಡಿಯಿರಿ.

ಚುನಾವಣೆ ಬಂದರೆ ಗಲ್ಲಿ ಗಲ್ಲಿಗೂ ಬಾಟಲಿ ಹಂಚುವವರಿಗೆ ನಮ್ಮ ಸಮಾಜದಲ್ಲಿ ಬರವಿಲ್ಲ. ಈ ಬಾಟಲಿಯನ್ನೂ ಒಂದು ಸಲ ಹಂಚಿ ನೋಡಲಿ!