ಯಂತ್ರಕ್ಕೊಂದು ಮೇಜು, ಮೇಜಿಗೊಂದು ಗೋಡೆ

ಕಂಪ್ಯೂಟರ್ ಚಾಲಿತ ಯಂತ್ರಗಳನ್ನು ಕುರಿತ ನಮ್ಮ ಕಾರ್ಯಕ್ರಮ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಭದ್ರಾವತಿಯದು. ಬರೆದವನು ದಿನವೂ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿ. “ಯಂತ್ರ ಕೊಂಡಿದ್ದೇನೆ ಸಾರ್, ಇಡಲು ಜಾಗವಿಲ್ಲ. ಮೇಜು ಹಾಕಿದರೆ ಅಜ್ಜಿಗೆ ರಾತ್ರಿ ಓಡಾಡಲು ದಾರಿ ಇರುವುದಿಲ್ಲ. ಯಂತ್ರ ಮಾರಿಬಿಡು ಎನ್ನುತ್ತಾರೆ ಅಮ್ಮ. ಏನು ಮಾಡಲಿ?” ಎಂದು ಕೇಳಿದ್ದ. ಕಾರ್ಯಕ್ರಮದಲ್ಲಿ ಮಾತನಾಡಿದ್ದ ತಜ್ಞರು ಯಂತ್ರದ ಬಗ್ಗೆ ಎಲ್ಲವನ್ನೂ ಹೇಳಿದ್ದರು, ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೊದಲು ಯಂತ್ರದ ವಿಚಾರ. ಸಿಎನ್‌ಸಿ ಎಂದರೆ ಅಂಕಿಗಳ ಆದೇಶದಂತೆ ಚಲಿಸಿ ಕೊರೆಯುವ ಯಂತ್ರ. ಅಮೆರಿಕದ ಎಂಐಟಿ ಸಂಸ್ಥೆ 1952ರಲ್ಲಿ ಪ್ರದರ್ಶಿಸಿದ, ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರ ಇದರ ಪೂರ್ವಜ. ಶಿವಮೊಗ್ಗ-ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಕಾಣುವ ದೊಡ್ಡ ಯಂತ್ರಗಳು ಟನ್ನುಗಟ್ಟಲೆ ತೂಗುತ್ತವೆ. ಹವ್ಯಾಸಿಗಳ ಪುಟ್ಟ ಯಂತ್ರದ ಕಥೆ ಬೇರೆ. ಆರ್ಡುಯಿನೊ ಎಂಬ ಅಗ್ಗದ ಎಲೆಕ್ಟ್ರಾನಿಕ್ ಫಲಕವೂ ಅದರಲ್ಲಿ ಓಡುವ, 2009ರಲ್ಲಿ ಹುಟ್ಟಿದ ಗರ್ಬಲ್ ಎಂಬ ಉಚಿತ ತಂತ್ರಾಂಶವೂ ಸೇರಿ ಅದನ್ನು ವಿದ್ಯಾರ್ಥಿಗಳ ಕೈಗೆಟುಕುವಂತೆ ಮಾಡಿದವು. ನಮ್ಮ ಹುಡುಗನ ಬಳಿಯಿದ್ದುದು ‘3018’. ಅದು ಕೊರೆಯಬಲ್ಲ ಜಾಗ 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ; ಹೆಸರು ಬಂದದ್ದು ಅದರಿಂದಲೇ. ತೂಕ ಸುಮಾರು 7 ಕಿ.ಗ್ರಾಂ.

ಅವನ ಮನೆಗೆ ಹೋದಾಗ ಮೊದಲು ಅಳೆದದ್ದು ಯಂತ್ರವನ್ನಲ್ಲ, ಕೋಣೆಯನ್ನು. ಅಗಲ 8 ಅಡಿ, ಅಂದರೆ 244 ಸೆಂ.ಮೀ. ರಾತ್ರಿ ಮೂರು ಮೂರು ಅಡಿಯ ಎರಡು ಹಾಸಿಗೆ ಹಾಸಿದರೆ 183 ಸೆಂ.ಮೀ. ಹೋಯಿತು. ಉಳಿದದ್ದು 61. ಯಂತ್ರ, ಲ್ಯಾಪ್‌ಟಾಪ್, ಉಪಕರಣ ಎಲ್ಲ ಹಿಡಿಸುವ ಮೇಜಿಗೆ 60 ಬೇಕು. ಅಜ್ಜಿಗೆ ಉಳಿಯುವುದು ಒಂದು ಸೆಂಟಿಮೀಟರ್!

ಹುಡುಗ ಅಲ್ಲಿಯವರೆಗೆ ಯಂತ್ರವನ್ನು ಮಡಚುವ ಕಬ್ಬಿಣದ ಮೇಜಿನ ಮೇಲೆ ಓಡಿಸುತ್ತಿದ್ದ. ಅವನು ಕೊರೆದ ಹೆಸರಿನ ಫಲಕ ನೋಡಿದೆ. ಮೊದಲ ಅಕ್ಷರ ಆಳವಾಗಿ ಇಳಿದಿತ್ತು. ಕೊನೆಯದು ಮರವನ್ನು ಮುಟ್ಟಿಯೇ ಇರಲಿಲ್ಲ. ಒಂದು ವಾರ ತಂತ್ರಾಂಶವನ್ನು ಬೈದು, ಮೂರು ಸಲ ಬದಲಿಸಿ ನೋಡಿದ್ದನಂತೆ.

ತಪ್ಪು ಮೇಜಿನದು. ಆದರೆ ನೀವು ಊಹಿಸುವ ತಪ್ಪಲ್ಲ. ಮೇಜು ಅಲುಗಾಡಿದ್ದರಿಂದ ಹೀಗಾಯಿತು ಎಂದು ನಾನೂ ಭಾವಿಸಿದ್ದೆ. ಯೋಚಿಸಿ ನೋಡಿ: ಇಡೀ ಮೇಜು ನಿಧಾನವಾಗಿ ಓಲಾಡಿದರೆ ಅದರೊಂದಿಗೆ ಮರವೂ ಕೊರೆಯುವ ಬಿಟ್ಟೂ ಒಟ್ಟಿಗೇ ಓಲಾಡುತ್ತವೆ. ಚಲಿಸುವ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತ ಇಬ್ಬರ ನಡುವಿನ ಅಂತರ ಬದಲಾಗುತ್ತದೆಯೆ? ನಿಜವಾದ ಶತ್ರು ತಿರುಚು. ಈ ಪುಟ್ಟ ಯಂತ್ರಗಳ ಚೌಕಟ್ಟು ಅಲ್ಯೂಮಿನಿಯಂ ಸರಳುಗಳದು. ಮೇಜಿಗೆ ಬಿಗಿದರೆ ಅದು ಮೇಜಿನ ಆಕಾರವನ್ನೇ ತಾಳುತ್ತದೆ. ಅಕ್ಷರ ಕೊರೆಯುವ ಆಳ 0.2 ಮಿ.ಮೀ. ಇರುವಾಗ ಮೇಜಿನ ಒಂದು ಮೂಲೆ 0.3 ಮಿ.ಮೀ. ಕುಸಿದರೂ ಆ ಬದಿಯ ಅಕ್ಷರ ಮಾಯ.

ದೊಡ್ಡ ಯಂತ್ರಗಳಿಗೆ ಈ ಕಷ್ಟವಿಲ್ಲ, ಅವುಗಳ ತಳವೇ ಎರಕದ ಕಬ್ಬಿಣ. ಅದು ಭಾರ ಮತ್ತು ಬಿಗಿ ಎರಡೂ ಹೌದು. ಇನ್ನೊಂದು ಗುಣವೂ ಅದಕ್ಕಿದೆ: ಬೂದು ಎರಕದೊಳಗೆ ಹರಡಿರುವ ಗ್ರಾಫೈಟಿನ ಚಕ್ಕೆಗಳು ಕಂಪನವನ್ನು ಹೀರಿಬಿಡುತ್ತವೆ. ಉಕ್ಕಿನ ಸರಳನ್ನು ಬಡಿದರೆ ಝಣ್ ಎನ್ನುತ್ತದೆ, ಎರಕದ ತುಂಡು ದಬ್ ಎಂದು ಸುಮ್ಮನಾಗುತ್ತದೆ. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಕಬ್ಬಿಣ ತೆಗೆಯಲಾರಂಭಿಸಿದ ಊರು ಭದ್ರಾವತಿ. ಅಲ್ಲಿ ಇದನ್ನು ಬಲ್ಲವರು ಮನೆಮನೆಯಲ್ಲಿದ್ದಾರೆ. ಹುಡುಗನ ತಂದೆಯೂ ಒಬ್ಬರು. ಎರಕ ಹೊಯ್ಯಲು ಬೇಕಾದ ಮರದ ಪ್ಯಾಟರ್ನ್ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. “ಎರಕದ ಹಲಗೆ ಹಾಕ್ಬೋದು ಸಾರ್, ಆದ್ರೆ ಮಡಚೋರು ಯಾರು?” ಎಂದು ನಕ್ಕರು. ಪೆಟ್ಟಿಗೆ ಮಾಡಿ ಒಳಗೆ ಮರಳು ತುಂಬೋಣ ಎಂದು ನಾನು ಹೇಳಿದ ಉಪಾಯಕ್ಕೆ ಅವರು ನಗಲೂ ಇಲ್ಲ.

ಅವರು ಮಾಡಿದ ಮೇಜನ್ನು ಅರ್ಥಮಾಡಿಕೊಳ್ಳಲು ಒಂದು ಪ್ರಯೋಗ ಮಾಡಿ. ಚಪ್ಪಲಿಯ ರಟ್ಟಿನ ಡಬ್ಬ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಎರಡು ತುದಿ ಹಿಡಿದು ಹಿಂಡಿ. ಒದ್ದೆ ಬಟ್ಟೆಯಂತೆ ತಿರುಚುತ್ತದೆ. ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿ ಮತ್ತೆ ಹಿಂಡಿ. ಈಗ ಜಪ್ಪಯ್ಯ ಎಂದರೂ ಬಗ್ಗದು. ರಟ್ಟು ಅದೇ, ಆದರೆ ಮುಚ್ಚಿದ ಪೆಟ್ಟಿಗೆ ತಿರುಚಿಗೆ ಒಗ್ಗುವುದಿಲ್ಲ.

ಮೇಜಿನ ಹಲಗೆಯೂ ಅಂಥದೇ ಪೆಟ್ಟಿಗೆ. 75 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಮೇಲೊಂದು ಕೆಳಗೊಂದು 9 ಮಿ.ಮೀ. ಪ್ಲೈವುಡ್, ನಡುವೆ 5 ಸೆಂ.ಮೀ. ಎತ್ತರದ ಪಟ್ಟಿಗಳನ್ನು ಚೌಕಾಬಾರದ ಮನೆಯಂತೆ ಅಡ್ಡಡ್ಡ ಜೋಡಿಸಿ ಎಲ್ಲವನ್ನೂ ಫೆವಿಕಾಲ್ ಹಾಕಿ ಅಂಟಿಸಬೇಕು. ಅಂಟು ಒಣಗುವವರೆಗೆ ಪೂರ್ತಿ ಸಮತಟ್ಟಾದ ಜಾಗದಲ್ಲಿ ಭಾರ ಹೇರಿ ಇಡಬೇಕು. ಈ ಹಂತದಲ್ಲಿ ಆತುರಪಟ್ಟರೆ ಸೊಟ್ಟಗಿನ ಪೆಟ್ಟಿಗೆ ಸೊಟ್ಟಗೇ ಗಟ್ಟಿಯಾಗುತ್ತದೆ, ಆಮೇಲೆ ದೇವರೂ ಸರಿಮಾಡಲಾರ. ಬಗ್ಗುವಿಕೆಯ ವಿರುದ್ಧ ಹಲಗೆಗಿರುವ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆಂದು ನೀವು ಓದಿರಬಹುದು: ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟು. ಅದೇ ಎರಡು ಪ್ಲೈವುಡ್‌ಗಳನ್ನು ಒಂದಕ್ಕೊಂದು ಅಂಟಿಸಿ 18 ಮಿ.ಮೀ. ಹಲಗೆ ಮಾಡುವ ಬದಲು ಹೀಗೆ ದೂರ ದೂರ ಇಟ್ಟರೆ ಬಿಗುವು ಲೆಕ್ಕದಲ್ಲಿ ಸುಮಾರು 30 ಪಟ್ಟು ಹೆಚ್ಚುತ್ತದೆ. ಪೆಟ್ಟಿಗೆಯ ತೂಕವಾದರೋ 7 ಕಿ.ಗ್ರಾಂ. ಆಸುಪಾಸು.

ಇನ್ನು ಮಡಚುವುದು. ರೈಲಿನ ಮಧ್ಯದ ಬರ್ತನ್ನು ನೋಡಿದ್ದೀರಲ್ಲ? ಹಗಲು ಕೆಳಕ್ಕೆ ಇಳಿಬಿದ್ದು ಒರಗುದಿಂಬಾಗಿರುತ್ತದೆ, ರಾತ್ರಿ ಎತ್ತಿ ಸರಪಣಿಗೆ ಸಿಕ್ಕಿಸುತ್ತಾರೆ. ಇಲ್ಲಿಯೂ ಹಾಗೆಯೇ. ಗೋಡೆಗೆ ನೆಲದಿಂದ ಸುಮಾರು 68 ಸೆಂ.ಮೀ. ಎತ್ತರದಲ್ಲಿ 5 ಸೆಂ.ಮೀ. ದಪ್ಪದ ಮರದ ಪಟ್ಟಿ, ಪಟ್ಟಿಯ ಮುಂದಿನ ಅಂಚಿಗೆ ಹಿಂಜು, ಹಿಂಜಿಗೆ ಪೆಟ್ಟಿಗೆ. ಕೆಲಸವಿಲ್ಲದಾಗ ಮೇಜು ಯಂತ್ರಸಮೇತ ಗೋಡೆಗುಂಟ ಕೆಳಕ್ಕೆ ತೂಗುತ್ತದೆ. ಕೆಲಸದ ಹೊತ್ತಿನಲ್ಲಿ ಮೇಲೆತ್ತಿದರೆ ಹಿಂದಿನ ಅಂಚು ಪಟ್ಟಿಯ ಮೇಲೆ ಕೂರುತ್ತದೆ, ಅಲ್ಲಿ ಎರಡು ಬೋಲ್ಟುಗಳಿಂದ ಬಿಗಿಯಬೇಕು. ಹಿಂಜು ಇರುವುದು ತಿರುಗಿಸಲಿಕ್ಕೆ, ಭಾರ ಹೊರಲಿಕ್ಕಲ್ಲ. ಎಷ್ಟೇ ಒಳ್ಳೆಯ ಹಿಂಜಿನಲ್ಲೂ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ. ಬರ್ತಿನಂತೆ ಸರಪಣಿಗಳಿಂದ ತೂಗಿಹಾಕಿದರೆ ಸಾಲದೆ ಎಂದು ಕೇಳಬಹುದು. ಸರಪಣಿ ಎಳೆತ ತಡೆಯುತ್ತದೆ, ಅತ್ತಿತ್ತ ತಳ್ಳುವುದನ್ನು ತಡೆಯುವುದಿಲ್ಲ.

ಮುಂದೆ ಬೇಕಾದದ್ದು ಒಂದೇ ಕಾಲು. ಎರಡಲ್ಲ, ಒಂದೇ. ಇದು ನನಗೆ ಬಹಳ ಹಿಡಿಸಿತು. ಒಲೆಗೆ ಮೂರು ಕಲ್ಲು ಇಟ್ಟರೆ ನೆಲ ಏರುತಗ್ಗಾಗಿದ್ದರೂ ಪಾತ್ರೆ ಕುಂಟುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಪಟ್ಟಿಯ ಎರಡು ತುದಿಗಳಲ್ಲಿ ಎರಡು ರಬ್ಬರ್ ತುಂಡು, ಮುಂದಿನ ಅಂಚಿನ ನಡುವೆ ಕಳಚಿಡಬಹುದಾದ ಕಾಲು: ಮೂರು ಆಧಾರಗಳಾದವು. ಸವೆದ ಸಿಮೆಂಟ್ ನೆಲ ಪೆಟ್ಟಿಗೆಯನ್ನು ತಿರುಚುವಂತಿಲ್ಲ. ಕಾಲಿನ ತುದಿಯ ಬೋಲ್ಟನ್ನು ತಿರುಗಿಸಿ, ರಸಮಟ್ಟ ಇಟ್ಟು ಎತ್ತರ ಹೊಂದಿಸಿಕೊಂಡರಾಯಿತು. ಮುಂದಿನ ಮೂಲೆಯ ಮೇಲೆ ಮಾತ್ರ ಮೊಣಕೈ ಊರಬೇಡಿ.

ಗೋಡೆಯ ವಿಚಾರದಲ್ಲಿ ಎಚ್ಚರ ಬೇಕು. ಇಟ್ಟಿಗೆ-ಸಿಮೆಂಟಿನ ಗೋಡೆಯಾದರೆ ಸರಿ. ನಮ್ಮ ಕಡೆಯ ಹಳೆಯ ಮನೆಗಳ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಯಲ್ಲಿ ಸ್ಕ್ರೂ ಹಿಡಿತ ನಂಬುವಂಥದಲ್ಲ. ಪಟ್ಟಿಯ ಕೆಳಗೆ ನೆಲದಿಂದಲೇ ಎರಡು ಮರದ ಕಂಬ ಕೊಡಿ. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಗೆ ಇದನ್ನು ಹಾಕಲೇಬೇಡಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಸ್ಪಿಂಡಲ್ಲಿನ ಕಿರ್‌ ಸದ್ದನ್ನು ಗೋಡೆ ಅತ್ತ ಕಡೆಗೆ ಚೆನ್ನಾಗಿ ಸಾಗಿಸುತ್ತದೆ.

ಇಳಿಸುವ ಕ್ರಮ ಹೀಗೆ: ವಿದ್ಯುತ್ ತೆಗೆಯಿರಿ, ಮರದ ಪುಡಿ ಗುಡಿಸಿ, ಚಲಿಸುವ ಭಾಗಗಳನ್ನು ಪಟ್ಟಿಯಿಂದ ಕಟ್ಟಿ, ಬಿಟ್ ಬಿಚ್ಚಿಡಿ, ಆಮೇಲೆ ಬೋಲ್ಟು ಸಡಿಲಿಸಿ. ಕಾಲು ತೆಗೆದಾಗ ಯಂತ್ರ-ಪೆಟ್ಟಿಗೆ ಸೇರಿದ 14 ಕಿ.ಗ್ರಾಂ.ನಲ್ಲಿ ಸುಮಾರು ಅರ್ಧ ನಿಮ್ಮ ಕೈಗೆ ಬರುತ್ತದೆ, ಒಬ್ಬರು ಹಿಡಿದಿರಬೇಕು. ಚಿತ್ರೀಕರಣದ ದಿನ ನಾನು ಉತ್ಸಾಹದಲ್ಲಿ ಬಿಟ್ ಬಿಚ್ಚದೆ ಇಳಿಸಿದೆ. ಅದು ನಮ್ಮದೇ ಕ್ಯಾಮೆರಾದ ಸ್ಟ್ಯಾಂಡಿಗೆ ತಾಗಿ ಲಟಕ್ಕನೆ ಮುರಿಯಿತು. ಹೊಸ ಬಿಟ್ಟಿನ ಹಣ ಕೊಟ್ಟೆ. ಆ ದೃಶ್ಯವನ್ನು ಕಾರ್ಯಕ್ರಮದಿಂದ ತೆಗೆದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಇಳಿಬಿಟ್ಟ ಯಂತ್ರ ಗೋಡೆಯಿಂದ 38 ಸೆಂ.ಮೀ. ಮುಂದೆ ಬರುತ್ತದೆ. 61ರಲ್ಲಿ 38 ಕಳೆದರೆ 23, ಅಂದರೆ ಸರಿಯಾಗಿ ಒಂದು ಗೇಣು. ಅಂದು ಸಂಜೆ ಹಾಸಿಗೆಗಳನ್ನು ಹಾಸಿ, ಹಳೆಯ ಸೀರೆಯೊಂದನ್ನು ಯಂತ್ರಕ್ಕೆ ಹೊದಿಸಿ, ಅಜ್ಜಿಯನ್ನು ಕರೆದರು. ಅವರು ಗೋಡೆ ಹಿಡಿದು ಆ ಗೇಣಗಲದ ದಾರಿಯಲ್ಲಿ ಬಾಗಿಲವರೆಗೆ ಹೋಗಿ, ತಿರುಗಿ ಬಂದು, “ಆ ಸೀರೆ ಸ್ವಲ್ಪ ಮೇಲೆ ಕಟ್ಟು, ಕಾಲಿಗೆ ಸಿಗುತ್ತೆ” ಎಂದರು. ಹುಡುಗ ಕಟ್ಟಿದ.