ಒಂದೇ ಕುರ್ಚಿ, ಎಂಟು ಪಾಲು
ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಕಥೆ, ರಾಯಬಾಗದ ಲೆಕ್ಕ

ರಾಯಬಾಗ: ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾದ ಜೊತೆ ರಾಜಕೀಯ ಕುದಿಯದ ದಿನವಿಲ್ಲ. ಯಾರಿಗೆ ಟಿಕೆಟ್ಟು, ಯಾರ ಠೇವಣಿ ಹೋಯಿತು, ಯಾವ ಪುಢಾರಿ ಯಾವ ಪಕ್ಷಕ್ಕೆ ಜಿಗಿದ ಎಂಬುದೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ. ಆದರೆ ಒಂದು ಮಾತು ಮಾತ್ರ ಯಾರ ಚರ್ಚೆಯಲ್ಲೂ ಬರುವುದಿಲ್ಲ. ಈ ಕ್ಷೇತ್ರದ ಗೆರೆ ಎಳೆದವರು ಯಾರು, ಆ ಗೆರೆಯಿಂದ ಲಾಭ ಯಾರಿಗೆ, ಲುಕ್ಸಾನು ಯಾರಿಗೆ?

ಚಿಕ್ಕೋಡಿ ಲೋಕಸಭಾ ಕ್ಷೇತ್ರವೆಂದರೆ ಸಣ್ಣ ಪುಟ್ಟ ಹೊಲವಲ್ಲ. ಪಶ್ಚಿಮಕ್ಕೆ ಹೆದ್ದಾರಿ ಮೇಲಿನ ನಿಪ್ಪಾಣಿ. ಪೂರ್ವಕ್ಕೆ ಮಹಾರಾಷ್ಟ್ರದ ಜತ್ತ ಗಡಿಗೆ ತಾಗಿದ ಅಥಣಿಯ ಒಣ ಭೂಮಿ. ನಡುವೆ ಕೃಷ್ಣೆ, ದೂಧಗಂಗೆ, ವೇದಗಂಗೆ. ಹೊಳೆ ದಂಡೆಗೆ ಕಬ್ಬು, ಊರಿಗೆ ಊರು ತಾಗಿದ ವಸತಿ. ಪೂರ್ವದ ಕಡೆ ಸರಿದಂತೆ ಊರಿಂದೂರಿಗೆ ದೂರ, ಬಾವಿಗೆ ಆಳ. ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ, ಯಮಕನಮರಡಿ ಎಂಬ ಎಂಟು ವಿಧಾನಸಭಾ ಕ್ಷೇತ್ರ ಕೂಡಿ ಒಬ್ಬನೇ ಎಂಪಿ. ತೋಟದ ಮನೆಯ ರೈತನಿಗೂ ನಿಪ್ಪಾಣಿಯ ತಂಬಾಕು ವ್ಯಾಪಾರಿಗೂ ದಿಲ್ಲಿಯಲ್ಲಿ ಅದೇ ಒಂದು ಬಾಯಿ.

ಮೊದಲ ಅಚ್ಚರಿ

1952ರಲ್ಲಿ ಚಿಕ್ಕೋಡಿ ಎಂಬ ಲೋಕಸಭಾ ಕ್ಷೇತ್ರವೇ ಇರಲಿಲ್ಲ. ಆಗ ಈ ಸೀಮೆಯೆಲ್ಲ ಮುಂಬಯಿ ರಾಜ್ಯ. ರಾಯಬಾಗವಂತೂ ಕೊಲ್ಲಾಪುರ ಸಂಸ್ಥಾನದ ಪಾಲು. 1949ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಮುಂಬಯಿಗೆ ಸೇರಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಏಳೆಂಟು ವರ್ಷದಲ್ಲಿ ಮೂರು ಸರಕಾರ ಕಂಡ ಊರು ಇದು.

1957ರ ಚುನಾವಣೆಯಲ್ಲಿ ಚಿಕ್ಕೋಡಿ ಸಾಮಾನ್ಯ ಕ್ಷೇತ್ರ. ದೇಶಕ್ಕೆ ದೇಶವೇ ಕಾಂಗ್ರೆಸ್ ಎನ್ನುತ್ತಿದ್ದ ಕಾಲ. ಆದರೂ ಇಲ್ಲಿಂದ ಗೆದ್ದವರು ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನ ಡಿ.ಎ. ಕಟ್ಟಿ. ಡಾ. ಅಂಬೇಡ್ಕರ್ 1942ರಲ್ಲಿ ಕಟ್ಟಿದ ಪಕ್ಷ ಅದು. ಬಾಬಾಸಾಹೇಬರು ತೀರಿಕೊಂಡದ್ದು 1956ರ ಡಿಸೆಂಬರಿನಲ್ಲಿ. ಕೆಲವೇ ತಿಂಗಳಲ್ಲಿ ಅವರ ಪಕ್ಷದ ದಲಿತ ಅಭ್ಯರ್ಥಿಯನ್ನು ಈ ಗಡಿ ಸೀಮೆಯ ಮತದಾರ ಮೀಸಲಾತಿಯ ಹಂಗಿಲ್ಲದೆ ಆರಿಸಿ ಕಳಿಸಿದ. 1925ರಲ್ಲಿ ನಿಪ್ಪಾಣಿಯಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ದಲಿತರ ಪರಿಷತ್ತು ನಡೆದಿತ್ತು ಎಂಬುದನ್ನು ನೆನೆದರೆ ಈ ಬೇರಿನ ಆಳ ತಿಳಿಯುತ್ತದೆ.

1962ರಲ್ಲಿ ಕಾಂಗ್ರೆಸ್ಸಿನ ವಿ.ಎಲ್. ಪಾಟೀಲರು ಗೆದ್ದು ಕ್ಷೇತ್ರವನ್ನು ಪಕ್ಷಕ್ಕೆ ತಂದುಕೊಟ್ಟರು.

ಇಪ್ಪತ್ತೊಂಬತ್ತು ವರ್ಷದ ಒಬ್ಬರೇ ಸಾಹೇಬರು

1967ಕ್ಕೆ ಚಿಕ್ಕೋಡಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹುಕ್ಕೇರಿ ತಾಲೂಕಿನ ಕಣಗಲಾದ ಬಿ. ಶಂಕರಾನಂದರು ಬಂದರು; ಬಂದವರು ಮತ್ತೆ ಕದಲಲಿಲ್ಲ. 1967, 71, 77, 80, 84, 89, 91: ಎಡೆಬಿಡದೆ ಏಳು ಗೆಲುವು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಆ 26ರಲ್ಲಿ ಇದೂ ಒಂದು. ಶಂಕರಾನಂದರು ಕೇಂದ್ರದಲ್ಲಿ ಆರೋಗ್ಯ ಮಂತ್ರಿಯಾದರು, ಪೆಟ್ರೋಲಿಯಂ ಮಂತ್ರಿಯಾದರು, ಬೋಫೋರ್ಸ್ ತೋಪಿನ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರೂ ಆದರು. ದಿಲ್ಲಿಯಲ್ಲಿ ಚಿಕ್ಕೋಡಿಯ ಹೆಸರು ಕೇಳಿದ ಕಾಲ ಅದು.

1996ರಲ್ಲಿ ಆ ಕೋಟೆ ಬಿತ್ತು. ಜನತಾ ದಳದ ರತ್ನಮಾಲಾ ಸವಣೂರ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವೆಯೂ ಆದರು. ಎರಡೇ ವರ್ಷಕ್ಕೆ ಮತ್ತೆ ಚುನಾವಣೆ. ವಿಜಯಪುರ ಜಿಲ್ಲೆಯ ರಮೇಶ ಜಿಗಜಿಣಗಿ 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಸಂಯುಕ್ತ ಜನತಾ ದಳದಿಂದ, 2004ರಲ್ಲಿ ಬಿಜೆಪಿಯಿಂದ ಗೆದ್ದರು. ಗುರುತು ಮೂರು, ಮನುಷ್ಯ ಒಬ್ಬರೇ! ಗುರುತು ಬದಲಾದರೂ ಜನ ಹೆಸರು ನೋಡಿ ಒತ್ತಿದರು.

ಹೀಗೆ ಹನ್ನೊಂದು ಚುನಾವಣೆಗಳಲ್ಲಿ ಮೂವರೇ ಎಂಪಿಗಳು. ಒಮ್ಮೆ ಹಿಡಿದರೆ ಬಿಡದ ಕ್ಷೇತ್ರ ಎಂದು ಹೆಸರಾಗಿತ್ತು.

ಗೆರೆ ಬದಲಾಯಿತು, ಗುಣವೂ ಬದಲಾಯಿತು

2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂತು. 2001ರ ಜನಗಣತಿಯ ಲೆಕ್ಕ ಹಿಡಿದು ಎಳೆದ ಹೊಸ ಗೆರೆ ಇದು. ಚಿಕ್ಕೋಡಿಯ ಮೀಸಲಾತಿ ಹೋಯಿತು, ವಿಜಯಪುರಕ್ಕೆ ಬಂತು. ಜಿಗಜಿಣಗಿಯವರು ತಮ್ಮ ಜಿಲ್ಲೆಗೆ ಹೊರಟರು. ಇತ್ತ ನಲವತ್ತೆರಡು ವರ್ಷ ಹೊರಗೆ ನಿಂತಿದ್ದ ದೊಡ್ಡ ಮನೆತನಗಳಿಗೆ ಬಾಗಿಲು ತೆರೆಯಿತು.

ಅಂದಿನಿಂದ ನಡೆದದ್ದು ನೋಡಿ. 2009ರಲ್ಲಿ ಬಿಜೆಪಿಯ ರಮೇಶ ಕತ್ತಿ. 2014ರಲ್ಲಿ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ. ದೇಶದಲ್ಲೆಲ್ಲ ಮೋದಿ ಅಲೆ ಇದ್ದಾಗ ಇಲ್ಲಿ 3,003 ಮತಗಳಿಂದ ಕಾಂಗ್ರೆಸ್ ದಡ ಸೇರಿತು. 2019ರಲ್ಲಿ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ; ಅಂತರ 1,18,877. 2024ರಲ್ಲಿ ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ, ಅಂತರ 90,834. ನಾಲ್ಕು ಚುನಾವಣೆ, ನಾಲ್ಕು ಎಂಪಿ. ಒಬ್ಬರಿಗೂ ಎರಡನೇ ಸರತಿ ಸಿಕ್ಕಿಲ್ಲ. ಒಬ್ಬರನ್ನೇ ಇಪ್ಪತ್ತೊಂಬತ್ತು ವರ್ಷ ಹೊತ್ತ ಮತದಾರ ಈಗ ಐದು ವರ್ಷಕ್ಕೆ ಹೆಗಲು ಬದಲಿಸುತ್ತಾನೆ.

ಪ್ರಿಯಾಂಕಾ ಅವರ ಗೆಲುವಿನಲ್ಲಿ ಇನ್ನೊಂದು ವಿಶೇಷವೂ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಯುವತಿ ಸಾಮಾನ್ಯ ಕ್ಷೇತ್ರದಲ್ಲಿ ಗೆದ್ದರು. 1957ರಲ್ಲಿ ಡಿ.ಎ. ಕಟ್ಟಿ ಗೆದ್ದದ್ದೂ ಹಾಗೆಯೇ ಸಾಮಾನ್ಯ ಕ್ಷೇತ್ರದಲ್ಲಿ. ಆದರೆ ಕಟ್ಟಿಯವರ ಬೆನ್ನಿಗೆ ಇದ್ದದ್ದು ಒಂದು ಚಳವಳಿ. ಇಂದಿನ ಕುರ್ಚಿಗಳ ಬೆನ್ನಿಗೆ ಇರುವುದು ಮನೆತನ.

ಮಾತು ಬಿರುಸಾಯಿತು ಎನ್ನುವವರು ಎಣಿಸಿ ನೋಡಲಿ. ರಮೇಶ ಕತ್ತಿಯವರ ಅಣ್ಣ ಉಮೇಶ ಕತ್ತಿ ಹುಕ್ಕೇರಿ ಶಾಸಕರಾಗಿದ್ದರು. ಪ್ರಕಾಶ ಹುಕ್ಕೇರಿಯವರ ಮಗ ಗಣೇಶ ಹುಕ್ಕೇರಿ 2014ರ ಉಪಚುನಾವಣೆಯಲ್ಲಿ ಅಪ್ಪ ಬಿಟ್ಟುಕೊಟ್ಟ ಚಿಕ್ಕೋಡಿ-ಸದಲಗಾದಿಂದಲೇ ಶಾಸಕರಾದರು. ಜೊಲ್ಲೆಯವರ ಪತ್ನಿ ಶಶಿಕಲಾ ಜೊಲ್ಲೆ 2013ರಿಂದ ನಿಪ್ಪಾಣಿಯಲ್ಲಿ ಸತತ ಮೂರು ಸಲ ಗೆದ್ದವರು. ಪ್ರಿಯಾಂಕಾ ಅವರ ತಂದೆ ಸತೀಶ ಜಾರಕಿಹೊಳಿ ಯಮಕನಮರಡಿಯಿಂದ ಗೆದ್ದು ಮಂತ್ರಿಯಾದವರು. ನಾಲ್ಕಕ್ಕೆ ನಾಲ್ಕೂ ಲೆಕ್ಕ ಸರಿ.

ಇನ್ನೊಂದು ಲೆಕ್ಕ ರಾಯಬಾಗದವರಿಗೆ ಬೇಕಾದದ್ದು. ಹುಕ್ಕೇರಿ, ಚಿಕ್ಕೋಡಿ, ನಿಪ್ಪಾಣಿ, ಯಮಕನಮರಡಿ, ನಾಲ್ಕೂ ಪಶ್ಚಿಮದ ಕಡೆಯವು. ರಾಯಬಾಗ, ಕುಡಚಿ, ಅಥಣಿ, ಕಾಗವಾಡ ಎಂಬ ಪೂರ್ವದ ನಾಲ್ಕಕ್ಕೆ ಗೆರೆ ಬದಲಾದ ಮೇಲೆ ಒಂದು ಸಲವೂ ಎಂಪಿ ಸ್ಥಾನ ದಕ್ಕಿಲ್ಲ. ಎಂಟರಲ್ಲಿ ನಾಲ್ಕು ಪಾಲು ಮತ ಇಲ್ಲಿಯದು. ಕುರ್ಚಿ ಮಾತ್ರ ಅತ್ತ ಕಡೆಯದು.

ಒಂದೇ ತಾಲೂಕು, ಎರಡು ಸ್ವಭಾವ

2008ರ ಗೆರೆ ರಾಯಬಾಗ ತಾಲೂಕನ್ನು ನಡುವೆ ಸೀಳಿತು. ಹಾರೂಗೇರಿ, ಮುಗಳಖೋಡ ಕಡೆಯ ಊರುಗಳು ಹೊಸದಾಗಿ ಹುಟ್ಟಿದ ಕುಡಚಿ ಕ್ಷೇತ್ರಕ್ಕೆ ಹೋದವು. ಚಿಕ್ಕೋಡಿ ತಾಲೂಕಿನ ನಾಗರಮುನ್ನೋಳಿ ಭಾಗದ ಹಳ್ಳಿಗಳು ರಾಯಬಾಗಕ್ಕೆ ಸೇರಿದವು. ಎರಡೂ ಪರಿಶಿಷ್ಟ ಜಾತಿಗೆ ಮೀಸಲು.

ಕುಡಚಿಯವರು ಚಿಕ್ಕೋಡಿಯ ಹೊಸ ಚಾಳಿಯನ್ನೇ ಹಿಡಿದರು. 2008ರಲ್ಲಿ ಕಾಂಗ್ರೆಸ್ಸಿನ ಶ್ಯಾಮ ಘಾಟಗೆ. 2013ರಲ್ಲಿ ಪೊಲೀಸ್ ಕೆಲಸ ಬಿಟ್ಟು ಬಂದ ಪಿ. ರಾಜೀವ, ಅದೂ ಬಿಎಸ್‌ಆರ್ ಕಾಂಗ್ರೆಸ್ಸಿನಿಂದ. 2018ರಲ್ಲಿ ಅದೇ ರಾಜೀವ ಬಿಜೆಪಿಯಿಂದ. 2023ರಲ್ಲಿ ಕಾಂಗ್ರೆಸ್ಸಿನ ಮಹೇಂದ್ರ ತಮ್ಮಣ್ಣವರ.

ರಾಯಬಾಗದ್ದು ಬೇರೆ ಮಾತು. 2008, 2013, 2018, 2023: ನಾಲ್ಕೂ ಸಲ ಬಿಜೆಪಿಯ ದುರ್ಯೋಧನ ಐಹೊಳೆ. ಮೇಲ್ನೋಟಕ್ಕೆ ಗಟ್ಟಿ ಕೋಟೆ. ಒಳಗೆ ಇಣುಕಿದರೆ ಬೇರೆಯೇ ಕಾಣುತ್ತದೆ. 2013ರಲ್ಲಿ ಪಕ್ಷೇತರ ಪ್ರದೀಪಕುಮಾರ ಮಾಳಗಿ ಸೋತದ್ದು 829 ಮತಗಳಿಂದ. ಅದೇ ಮಾಳಗಿ 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತಾಗ ಅಂತರ ಹದಿನಾರು ಸಾವಿರ ದಾಟಿತು. 2023ರಲ್ಲಿ ಇನ್ನೊಬ್ಬ ಪಕ್ಷೇತರ, ನಿವೃತ್ತ ಐಎಎಸ್ ಅಧಿಕಾರಿ ಶಂಭು ಕಲ್ಲೋಳಿಕರ ಬಂದರು: ಐಹೊಳೆಯವರಿಗೆ 57,500, ಕಲ್ಲೋಳಿಕರರಿಗೆ 54,930. ಅಂತರ 2,570. ಕಾಂಗ್ರೆಸ್ ಮೂರನೇ ಸ್ಥಾನಕ್ಕೆ ಜಾರಿತು.

ಅರ್ಥ ಇಷ್ಟೇ. ಶಾಸಕರ ಎದುರಿಗೆ ಬಿದ್ದ ಮತ ಕಡಿಮೆಯೇನಲ್ಲ. ಅದು ಒಂದೇ ಪೆಟ್ಟಿಗೆಗೆ ಬೀಳಲಿಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬುದು ಅಂಗಡಿಕಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಾಗೆಂದು ನಾಲ್ಕು ಸಲ ಗೆಲ್ಲುವುದು ಬರೀ ಅದೃಷ್ಟವೆಂದರೂ ತಪ್ಪಾದೀತು. ಎದುರಾಳಿಗಳು ಪ್ರತಿ ಸಲ ಚೂರಾಗುವಾಗ ತನ್ನ ಮತವನ್ನು ಚೂರಾಗದಂತೆ ಕಾಯುವುದೂ ಒಂದು ಕೆಲಸವೇ.

ಜನರಿಗೆ ದಕ್ಕಿದ್ದೇನು?

ಹೆಸರು, ಅಂತರ ಎಲ್ಲ ಆಯಿತು. ಬಸ್ಸಿಗೆ ಕಾಯುವವನ ಪ್ರಶ್ನೆ ಬೇರೆ. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದರೆ ಕುಡಚಿ-ಉಗಾರ ಸೇತುವೆ ನೀರಿನ ಕೆಳಗೆ. 2005ರಲ್ಲೂ ಪ್ರವಾಹ, 2019ರಲ್ಲೂ ಪ್ರವಾಹ. ಕುಡಚಿ-ಬಾಗಲಕೋಟೆ ರೈಲು ಮಾರ್ಗ, ಸುಮಾರು 142 ಕಿ.ಮೀ., 2010ರಲ್ಲಿ ಮಂಜೂರಾದದ್ದು; ದಶಕ ಕಳೆದರೂ ಕುಡಚಿ ಮುಟ್ಟಲಿಲ್ಲ. ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಕೂಗಿಗೆ 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಹೂಂ ಎಂದು ಮತ್ತೆ ಹಿಂದೆ ಸರಿಯಿತು. ಆಮೇಲೆ ಬಂದ ಸರಕಾರಗಳೆಲ್ಲ ಆ ಬೇಡಿಕೆ ಕೇಳಿವೆ. ಜಿಲ್ಲಾ ಕಚೇರಿಯ ಒಂದು ಕಾಗದಕ್ಕೆ ಅಥಣಿಯವನು ಬೆಳಗಾವಿಗೆ ದಿನವಿಡೀ ಅಲೆಯುವುದು ತಪ್ಪಲಿಲ್ಲ.

ಇದಕ್ಕೆಲ್ಲ ಒಬ್ಬ ಎಂಪಿಯೇ ಹೊಣೆ ಎನ್ನಲಾಗದು. ಆದರೆ ಐದು ವರ್ಷಕ್ಕೊಬ್ಬರಂತೆ ಬದಲಾದರೆ ಪ್ರತಿಯೊಬ್ಬರೂ ಹಿಂದಿನವರ ಕಡೆ ಬೆರಳು ತೋರಿಸುವುದು ಸುಲಭ. ಬದಲಿಸದೆ ಕೂತರೆ ಸಾಹೇಬರು ಊರು ಮರೆಯುವುದೂ ಸುಲಭ. ಮತದಾರ ಎರಡನ್ನೂ ಮಾಡಿ ನೋಡಿದ್ದಾನೆ.

ಮುಂದಿನ ಗೆರೆ

ಅದಕ್ಕೇ ಕೊನೆಯ ಮಾತು ಗೆರೆಯದು. 2002ರಲ್ಲಿ ಜಾರಿಗೆ ಬಂದ ಸಂವಿಧಾನದ 84ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಕಟ್ಟಿಹಾಕಿತ್ತು. ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲು ಕೊಡುವ 2023ರ ಕಾಯ್ದೆಯನ್ನೂ ಪುನರ್ವಿಂಗಡಣೆಗೇ ಗಂಟು ಹಾಕಲಾಯಿತು. ಅಂದರೆ ಮತ್ತೆ ನಕಾಶೆ ಬಿಚ್ಚಿದಾಗ ಎಲ್ಲವೂ ಮೇಜಿನ ಮೇಲೆ ಬರುತ್ತದೆ: ರಾಯಬಾಗ ಮೀಸಲು ಉಳಿಯುತ್ತದೋ ಇಲ್ಲವೋ, ಸೀಳಿದ ತಾಲೂಕು ಕೂಡುತ್ತದೋ ಇಲ್ಲವೋ, ನಾಗರಮುನ್ನೋಳಿ ಯಾರ ಪಾಲಿಗೆ, ಮಹಿಳೆಗೆ ಯಾವ ಕ್ಷೇತ್ರ.

ಕಳೆದ ಸಲದ ಕಾಯ್ದೆಯಲ್ಲಿ ಕರಡು ನಕಾಶೆ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಬಹಿರಂಗ ಸಭೆ ನಡೆಸಿ ಜನರ ಮಾತು ಕೇಳಬೇಕು ಎಂದಿತ್ತು. ಅರ್ಜಿ ಕೊಡಲು ಪುಢಾರಿಯೇ ಆಗಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಕೊಡಬಹುದು, ವರ್ತಕರ ಸಂಘ ಕೊಡಬಹುದು, ಒಬ್ಬ ಮತದಾರನೂ ಕೊಡಬಹುದು.

ಚುನಾವಣೆಯ ದಿನ ಸರತಿಯಲ್ಲಿ ನಿಂತು ಒತ್ತುವ ಗುಂಡಿಯ ಆಯುಷ್ಯ ಐದು ವರ್ಷ. ಚಿಕ್ಕೋಡಿಗೆ ಬಂದ ಮೀಸಲಾತಿ ಒಮ್ಮೆ ನಲವತ್ತೆರಡು ವರ್ಷ ನಿಂತಿತ್ತು. ಆ ಸಭೆಯ ನೋಟೀಸು ಅಂಟಿಸಿದ ದಿನ ತಹಶೀಲ್ದಾರ್ ಕಚೇರಿಯ ಗೋಡೆಯನ್ನು ಯಾರು ಓದುತ್ತಾರೋ, ಮುಂದಿನ ಕುರ್ಚಿಯಲ್ಲಿ ಅವರಿಗೇ ಪಾಲು.