ತೋಳಿನ ಶುಗರ್ ಸೆನ್ಸರ್: ಕ್ಯಾಲಿಬ್ರೇಟ್ ಮಾಡೋದು ಯಾವಾಗ?

ಮದ್ದೂರು: ತೋಳಿಗೆ ಅಂಟಿಸೋ ಸೆನ್ಸರ್ (ಸಿಜಿಎಂ) ಒಂದು, ಬೆರಳು ಚುಚ್ಚೋ ಗ್ಲುಕೋಮೀಟರ್ ಇನ್ನೊಂದು ಅಂಕಿ ತೋರಿಸಿದ್ರೆ ಗಾಬರಿ ಬೇಡ. ಸೆನ್ಸರ್ ಅಳೆಯೋದು ರಕ್ತ ಅಲ್ಲ, ಚರ್ಮದಡಿಯ ದ್ರವ. ಅದು ರಕ್ತಕ್ಕಿಂತ ಸುಮಾರು 5ರಿಂದ 15 ನಿಮಿಷ ಹಿಂದಿರುತ್ತೆ.

ಹಾಗಾಗಿ ವಡೆ-ಟೀ ಆದ್ಮೇಲೆ, ಗದ್ದೆ ಕೆಲಸ ಮುಗಿಸಿ ಬಂದ ಕೂಡಲೇ ಕ್ಯಾಲಿಬ್ರೇಟ್ ಮಾಡಬೇಡಿ. ಬೆಳಿಗ್ಗೆ ತಿಂಡಿಗೆ ಮುಂಚೆ, ಶುಗರ್ ಏರಿಳಿತ ಇಲ್ಲದಾಗ ಮಾಡಿ. ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಬೆರಳಲ್ಲಿ ಬೆಲ್ಲದ ಅಂಟಿದ್ರೂ ಅಂಕಿ ಜಾಸ್ತಿ ಬರುತ್ತೆ. ಅದನ್ನೇ ಹಾಕಿದ್ರೆ ಸೆನ್ಸರೂ ದಾರಿ ತಪ್ಪುತ್ತೆ, ಅದನ್ನ ನಂಬಿ ಇನ್ಸುಲಿನ್ ಹೆಚ್ಚು ತಗೊಂಡ್ರೆ ಜೀವಕ್ಕೇ ಕುತ್ತು.

ಫ್ರೀಸ್ಟೈಲ್ ಲಿಬ್ರೆ ಫ್ಯಾಕ್ಟರಿಯಲ್ಲೇ ಕ್ಯಾಲಿಬ್ರೇಟ್ ಆಗಿ ಬರುತ್ತೆ, ನಾವು ಮಾಡೋ ಹಂಗಿಲ್ಲ.

ನಡುಕ, ಬೆವರು ಬಂದ್ರೆ ಸೆನ್ಸರ್ ಏನೇ ಹೇಳಲಿ, ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಮ್ಮಿ ಇದ್ರೆ ತಕ್ಷಣ ಸಕ್ಕರೆ ತಿನ್ನಿ.